ರೂಢಿಯಾದ ಕೈ

ಪಂಪಿನ ಸದ್ದು ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಬೆನ್ನಿಗೆ ಪೆಟ್ರೋಲ್ ಪಂಪು ಕಟ್ಟಿಕೊಂಡು ಹತ್ತಿಗೆ ಕ್ರಿಮಿನಾಶಕ ಹೊಡೆಯುವವರು ಒಂದು ಸಾಲು ಹಿಡಿದರೆ ಬದುವಿನ ತನಕ ಹೋಗಿ, ಅಲ್ಲಿ ಎಂಜಿನ್ ಆರಿಸಿ, ಟಾಕಿ ತುಂಬಿಸಿಕೊಂಡು ಮುಂದಿನ ಸಾಲು ಹಿಡಿಯುತ್ತಾರೆ. ಅವತ್ತು ಸದ್ದು ಸಾಲಿನ ನಡುವೆ ನಿಂತಿತು. ನಾನು ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಪೆಟ್ರೋಲ್ ಮುಗಿದಿರಬೇಕು ಎಂದುಕೊಂಡು ಬುತ್ತಿಯ ಗಂಟು ಬಿಚ್ಚುತ್ತ ಕುಳಿತೆ.

ಹಾಗೆ ಕುಳಿತದ್ದು ಬಹಳವೆಂದರೆ ಐದು ನಿಮಿಷ. ಆ ಐದು ನಿಮಿಷ ಇನ್ನೂ ನನ್ನನ್ನು ಬಿಟ್ಟಿಲ್ಲ. ಪಕ್ಕದ ಮನೆಯಲ್ಲಿ ಮಿಕ್ಸರ್ ಅರ್ಧಕ್ಕೆ ನಿಂತರೆ ನನ್ನ ಕೈಯಲ್ಲಿದ್ದದ್ದು ಅಲ್ಲೇ ನಿಲ್ಲುತ್ತದೆ. ರಂಗಂಪೇಟೆಯ ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ಹೊರಗೆ ಯಾವುದೋ ಮೋಟಾರ್ ಸೈಕಲ್ ಕೆಮ್ಮಿ ಆರಿದರೆ ವಾಕ್ಯ ಮರೆಯುತ್ತೇನೆ. ಮಕ್ಕಳಿಗೆ ಇದು ಗೊತ್ತಾಗಿದೆ. ಅವರೇ ಹಿಂದಿನ ಮಾತು ನೆನಪಿಸಿ ಕೊಡುತ್ತಾರೆ.

ಪಂಪು ಕಟ್ಟಿಕೊಂಡಿದ್ದವನು ನನ್ನ ಮಾಮಾ, ಅವ್ವನ ಕಿರಿಯ ತಮ್ಮ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಕೆಂಭಾವಿಯಿಂದ ಸುರಪುರಕ್ಕೆ ಬರುವ ದಾರಿಯಲ್ಲಿ, ಕಾಲುವೆಯ ಮಗ್ಗುಲಿಗೆ ಅವರ ಊರು. ಸ್ವಂತ ಹೊಲ ಸ್ವಲ್ಪ ಇದೆ; ಆದರೆ ಅವನ ನಿಜವಾದ ಉದ್ಯೋಗ ಬೇರೆಯವರ ಹೊಲಕ್ಕೆ ಎಣ್ಣೆ ಹೊಡೆಯುವುದು. ನಮ್ಮ ಕಡೆ ಕ್ರಿಮಿನಾಶಕಕ್ಕೆ ಎಣ್ಣೆ ಎಂದೇ ಅನ್ನುತ್ತಾರೆ. ಹತ್ತಿ, ಮೆಣಸಿನಕಾಯಿ, ಭತ್ತ, ತೊಗರಿ, ಯಾವುದಕ್ಕೆ ಹುಳ ಬಿದ್ದರೂ ಮೊದಲು ನೆನಪಾಗುವವನು ಅವನು.

ನೆನಪಾಗುವುದಕ್ಕೆ ಕಾರಣ ಪಂಪಲ್ಲ. ಪಂಪು ಈಗ ಬಹಳ ಮಂದಿಯ ಹತ್ತಿರ ಇದೆ. ಕಾರಣ ಅವನ ಬಲಗೈ.

ಕಾಲುವೆಯ ಪಕ್ಕ ನೀಲಿ ಡ್ರಮ್ಮು ಇಟ್ಟು, ಅದಕ್ಕೆ ನೀರು ತುಂಬಿ, ಒಂದು ಎಣ್ಣೆ, ಅದರ ಮೇಲೆ ಇನ್ನೊಂದು ಎಣ್ಣೆ, ಅಂಗಡಿಯವನು ಇದನ್ನೂ ಹಾಕು ಎಂದು ಕೊಟ್ಟ ಒಂದು ಪುಡಿ, ಇಷ್ಟನ್ನೂ ಸುರಿದು ಕಲಸಬೇಕು. ಕೋಲು ಹಾಕಿ ತಿರುವಿದರೆ ಪುಡಿ ತಳದಲ್ಲಿ ಗಂಟು ಕಟ್ಟಿ ಕೂಡುತ್ತದೆ, ಆಮೇಲೆ ನಳಿಗೆಯ ಬಾಯಿ ಕಟ್ಟುತ್ತದೆ. ಗಂಟು ಎಲ್ಲಿದೆ ಎಂದು ಕೋಲಿಗೆ ತಿಳಿಯುವುದಿಲ್ಲ, ಕೈಗೆ ತಿಳಿಯುತ್ತದೆ. ಆದ್ದರಿಂದ ಮಾಮಾ ಅಂಗಿಯ ತೋಳು ಮೇಲೆ ಸರಿಸಿ, ಮೊಣಕೈ ದಾಟಿ ಭುಜದ ತನಕ ಕೈ ಇಳಿಸಿ, ಜೋಳದ ಹಿಟ್ಟಿನ ಅಂಬಲಿ ತಿರುವಿದ ಹಾಗೆ ತಿರುವುತ್ತಿದ್ದ. ತಳದ ಗಂಟುಗಳನ್ನು ಬೆರಳಲ್ಲಿ ಹಿಸುಕಿ ಒಡೆಯುತ್ತಿದ್ದ. ಬೇರೆಯವರು ಹೀಗೆ ಮಾಡಿದರೆ ಚರ್ಮ ಉರಿಯುತ್ತದೆ, ತಲೆ ತಿರುಗುತ್ತದೆ. ಅವನಿಗೆ ಏನೂ ಆಗುತ್ತಿರಲಿಲ್ಲ. ಅವನಿಗೆ ರೂಢಿಯಾಗಿದೆ ಎಂದು ಊರು ತೀರ್ಮಾನಿಸಿತ್ತು.

ಆ ತೀರ್ಮಾನದಿಂದ ಒಂದು ಪದ್ಧತಿಯೇ ಹುಟ್ಟಿಕೊಂಡಿತು. ಯಾರ ಹೊಲದಲ್ಲಿ ಡ್ರಮ್ಮು ಇಟ್ಟರೂ, ಹೊಡೆಯುವವರು ಬೇರೆಯವರೇ ಇದ್ದರೂ, ದಾರಿಯಲ್ಲಿ ಹೋಗುವ ಮಾಮಾನನ್ನು ಕರೆದು ಸ್ವಲ್ಪ ಕೈಯಾಡಿಸಿ ಹೋಗು ಎನ್ನುವುದು. ಗಾಳಿ ಎದುರಾದ ಸಾಲುಗಳನ್ನು ಅವನಿಗೇ ಬಿಡುವುದು. ಅದು ಒಂದು ಬಗೆಯ ಮರ್ಯಾದೆಯೂ ಆಗಿತ್ತು. ಬದುವಿನ ಮೇಲೆ ಚಹಾ ಬಂದರೆ ಮೊದಲ ಲೋಟ ಅವನಿಗೆ. ಒಬ್ಬ ಮನುಷ್ಯ ಎಷ್ಟು ವಿಷ ಕುಡಿದಿದ್ದಾನೋ ಅಷ್ಟು ಹೆಚ್ಚಿನ ವಿಷ ಅವನಿಗೇ ಕೊಡಬೇಕು ಎಂಬ ಲೆಕ್ಕ ಎಷ್ಟು ತಲೆಕೆಳಗಾದದ್ದು ಎಂದು ಯಾರಿಗೂ ಹೊಳೆಯಲಿಲ್ಲ. ಯಾದಗಿರಿಯ ಕಾಲೇಜಿನಲ್ಲಿ ಬಿಎಸ್ಸಿ ಓದಿ ಬಂದ ನನಗೂ ಹೊಳೆಯಲಿಲ್ಲ.

ಹೊಳೆಯದಿದ್ದರೆ ಅದು ಬರೀ ಅಜ್ಞಾನ. ನಾನು ಅದಕ್ಕಿಂತ ಕೆಟ್ಟದ್ದನ್ನು ಮಾಡಿದ್ದೆ.

ಪಂಪು ಸಾಲಿನ ನಡುವೆ ನಿಂತ ಆ ದಿನಕ್ಕೆ ಎರಡು ವರ್ಷ ಮುಂಚೆ ಪಂಚಮಿ ಹಬ್ಬಕ್ಕೆ ಮಾಮಾ ನಮ್ಮ ಮನೆಗೆ ಬಂದಿದ್ದ. ಶೇಂಗಾ ಉಂಡಿ ಕೊಡಲು ಬಂದ ಅವ್ವ, ಅವನ ಮೈಯಿಂದ ಎಣ್ಣೆಯ ವಾಸನೆ ಬರುತ್ತಿದೆ, ಸ್ನಾನ ಮಾಡಿದರೂ ಹೋಗುವುದಿಲ್ಲ, ಇದು ಒಳ್ಳೆಯದಲ್ಲ ಎಂದು ಬೈಯಲು ಶುರು ಮಾಡಿದಳು. ಅವನು ನನ್ನ ಕಡೆ ತಿರುಗಿದ. ತಂಬಾಕು ಮೊದಲ ದಿನ ತಿಂದರೆ ತಲೆ ತಿರುಗುತ್ತದೆ, ವಾರ ಕಳೆದರೆ ಏನೂ ಆಗುವುದಿಲ್ಲ. ಹಾಗೇ ಮೈಗೆ ಎಣ್ಣೆಯೂ ರೂಢಿಯಾಗುತ್ತದೋ ಇಲ್ಲವೋ, ನಿಮ್ಮ ಪುಸ್ತಕದಲ್ಲಿ ಏನಿದೆ ಎಂದು ಕೇಳಿದ.

ಪರೀಕ್ಷೆಗೆ ಓದಿದ ಒಂದು ಪ್ಯಾರಾ ನನ್ನ ತಲೆಯಲ್ಲಿತ್ತು. ಕೆಲವು ರಾಸಾಯನಿಕಗಳು ಪದೇ ಪದೇ ಮೈ ಸೇರಿದರೆ ಅವನ್ನು ಒಡೆಯುವ ಕಿಣ್ವಗಳನ್ನು ಪಿತ್ತಜನಕಾಂಗ ಹೆಚ್ಚು ಹೆಚ್ಚು ತಯಾರಿಸುತ್ತದೆ ಎಂಬುದು ಅದರ ಸಾರ. ನಾನು ಉಂಡಿ ಕಡಿಯುತ್ತಲೇ ಹೇಳಿದೆ:

"ಹೌದು ಮಾಮಾ, ಲಿವರ್‌ಗೆ ರೂಢಿ ಆಗ್ತದ. ಮೊದಲಿಗಿಂತ ಗಟ್ಟಿ ಆಗ್ತದ."

ಅವ್ವ ಸುಮ್ಮನಾದಳು. ಓದಿದ ಮಗಳ ಮಾತಿನ ಮುಂದೆ ಅವಳು ಯಾವಾಗಲೂ ಸುಮ್ಮನಾಗುತ್ತಾಳೆ. ಮಾಮಾ ಆ ಮಾತನ್ನು ಊರಿಗೆ ಒಯ್ದ. ಮುಂದೆ ಯಾರಾದರೂ ಡ್ರಮ್ಮಿನ ಹತ್ತಿರ ಅನುಮಾನ ತೆಗೆದರೆ ಅವನು ಅದನ್ನೇ ಹೇಳುತ್ತಿದ್ದನಂತೆ, ನಮ್ಮ ಸೊಸಿ ಬಿಎಸ್ಸಿ ಓದ್ಯಾಳ ಎಂದು. ನಮ್ಮಲ್ಲಿ ಅಕ್ಕನ ಮಗಳು ಸೊಸೆ.

ನಾನು ಅವನಿಗೆ ಇನ್ನೊಂದು ಕೆಲಸವನ್ನೂ ಮಾಡಿಕೊಡುತ್ತಿದ್ದೆ. ಶಹಾಪುರದ ಪೇಟೆಯಿಂದ ಹೊಸ ಬಾಟಲಿ ತಂದರೆ ಅದಕ್ಕೆ ಅಂಟಿಸಿದ ಮಡಿಕೆ ಕಾಗದವನ್ನು ಓದಿ ಹೇಳುವುದು. ಸಾಸಿವೆಯಂಥ ಇಂಗ್ಲಿಷ್ ಅಕ್ಷರ. ಎಕರೆಗೆ ಎಷ್ಟು, ಟಾಕಿಗೆ ಎಷ್ಟು ಎಂಬ ಸಾಲು ಹುಡುಕಿ ಓದುತ್ತಿದ್ದೆ. ಅಷ್ಟಕ್ಕೆ ಸಾಕು ಎನ್ನುತ್ತಿದ್ದ. ಬಾಟಲಿಯ ಮೇಲೆ ಅತಿ ವಿಷದ ಗುರುತಾದ ಕೆಂಪು ತ್ರಿಕೋನ, ಮೈಮೇಲೆ ಬಿದ್ದರೆ ಏನು ಮಾಡಬೇಕು, ಪ್ರತಿಮದ್ದು ಯಾವುದು, ಈ ಭಾಗ ನನ್ನ ಕಣ್ಣಿಗೆ ಬೀಳುತ್ತಿತ್ತು. ಓದಿ ಹೇಳಲಿಲ್ಲ. ಕಾಗದ ಮಡಿಚಿ ಕೊಡುತ್ತಿದ್ದೆ.

ಮೈ ತನ್ನ ಮಾತು ಹೇಳುತ್ತಲೇ ಇತ್ತು. ಹತ್ತಿಯ ಹಂಗಾಮು ಮುಗಿಯುತ್ತಿದ್ದ ಹಾಗೆ ಅವನಿಗೆ ನೆಗಡಿ ಹಿಡಿಯುತ್ತಿತ್ತು, ಸಂಕ್ರಾಂತಿ ದಾಟಿದರೂ ಬಿಡುತ್ತಿರಲಿಲ್ಲ. ಬಾಯಲ್ಲಿ ಹುಣ್ಣು. ಆ ದಿನದ ಹಿಂದಿನ ಚಳಿಗಾಲ ಸೊಂಟಕ್ಕೆ ಸರ್ಪಸುತ್ತು ಬಂತು. ನಲವತ್ತರ ಗಟ್ಟಿ ಆಳು ಮಗ್ಗುಲು ಬದಲಿಸಲಾಗದೆ ಹದಿನೈದು ದಿನ ಮಲಗಿದ. ಅತ್ತಿ, ಅಂದರೆ ಅವನ ಹೆಂಡತಿ, ಯಾರ ಹತ್ತಿರವೋ ಕರೆದೊಯ್ದು ಕಾವಿ ಹಚ್ಚಿಸಿದಳು. ಒಂದು ಜಾಲಿ ಮುಳ್ಳು ಚುಚ್ಚಿದ ಗಾಯ ಎರಡು ತಿಂಗಳು ಕೀವು ಸುರಿಸಿತು. ಇವೆಲ್ಲ ಬೇರೆ ಬೇರೆ ಸಂಗತಿಗಳು ಎಂದೇ ನಾವು ತಿಳಿದಿದ್ದೆವು. ನೆಗಡಿಗೆ ಇಬ್ಬನಿ ಕಾರಣ, ಹುಣ್ಣಿಗೆ ಉಷ್ಣ, ಗಾಯಕ್ಕೆ ಅವನು ಚಪ್ಪಲಿ ಹಾಕದಿರುವುದು.

ಅವತ್ತಿನ ದಿನ ದಸರಾ ರಜೆಯ ಕೊನೆಯ ಶನಿವಾರ. ರಜೆಗೆಂದು ನಾನು ಮಾಮಾನ ಊರಿಗೆ ಬಂದಿದ್ದೆ. ಬಿಸಿಲು ಚುರ್ ಎನ್ನುತ್ತಿತ್ತು, ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನಾನೂ ಅತ್ತಿಯೂ ಹೊಲಕ್ಕೆ ಬುತ್ತಿ ಒಯ್ದಿದ್ದೆವು. ಅತ್ತಿ ಕಾಲುವೆಯಲ್ಲಿ ಒಗೆದುಕೊಂಡು ಬರೋಣವೆಂದು ಬಟ್ಟೆಯ ಗಂಟು, ಸಾಬೂನು ಜೊತೆಗೆ ತಂದಿದ್ದಳು. ಹೊಲ ಊರಿನ ಒಬ್ಬ ಸಾಹುಕಾರರದು. ಮಾಮಾ ನಸುಕಿನಿಂದ ಹೊಡೆಯುತ್ತಿದ್ದ. ಹತ್ತಿ ಎದೆಮಟ್ಟ ಬೆಳೆದಿದ್ದರಿಂದ ಗಿಡದ ಮೇಲೆ ಬಿದ್ದದ್ದೆಲ್ಲ ಅವನ ಎದೆಗೆ ಒರೆಸಿಕೊಳ್ಳುತ್ತಿತ್ತು. ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ. ಒದ್ದೆ ಬಟ್ಟೆ ವಿಷ ತಡೆಯುತ್ತದೆ ಎಂದು ಎಲ್ಲರ ನಂಬಿಕೆ. ವಾಸ್ತವದಲ್ಲಿ ಅದು ವಿಷವನ್ನು ಹೀರಿ ಮೂಗು ಬಾಯಿಗೆ ಒತ್ತಿ ಹಿಡಿಯುತ್ತದೆ. ಮುಂಜಾನೆಯೇ ಮೂರು ಡ್ರಮ್ಮು ಕಲಸಿದ್ದನಂತೆ. ಎರಡು ಈ ಹೊಲಕ್ಕೆ, ಒಂದು ಪಕ್ಕದ ಹೊಲದವರದು.

ಸದ್ದು ನಿಂತ ಐದು ನಿಮಿಷಕ್ಕೆ ಅವನು ಗಿಡಗಳ ನಡುವಿನಿಂದ ನಡೆದು ಬಂದ. ಪಂಪನ್ನು ಸಾಲಿನಲ್ಲೇ ಬಿಟ್ಟು ಬಂದಿದ್ದ. ಟವೆಲ್ ಕುತ್ತಿಗೆಗೆ ಜಾರಿತ್ತು. ನಗುತ್ತಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು. ಮೇಲೆ ನೋಡಿ ಕೇಳಿದ:

"ಯಾಕ ಮಬ್ಬು ಆಯ್ತು? ಮೋಡ ಬಂದ್ವೇನು?"

ಅತ್ತಿ ನಕ್ಕಳು. ಮುಂಜಾನೆ ಚಹಾದ ಬದಲು ಬೇರೆ ಏನಾದರೂ ಕುಡಿದೆಯಾ ಎಂದು ಚೇಷ್ಟೆ ಮಾಡಿದಳು. ನಾನು ನಗಲಿಲ್ಲ. ಎದ್ದು ಹೋಗಿ ಅವನ ಗದ್ದ ಹಿಡಿದು ಮುಖ ಬಿಸಿಲಿಗೆ ತಿರುಗಿಸಿದೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಒಳಗೆ ಬೆಳಕು ಹೋಗಲು ದಾರಿಯೇ ಇರಲಿಲ್ಲ; ಅದಕ್ಕೆ ಅವನಿಗೆ ಲೋಕ ಮಬ್ಬಾಗಿತ್ತು. ಎಡಗಣ್ಣಿನ ರೆಪ್ಪೆಯ ಕೆಳಗೆ ಒಂದು ನರ ತಾನೇ ತಾನಾಗಿ ಕುಣಿಯುತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಅದು ಅವನಿಗೆ ಗೊತ್ತಿರಲಿಲ್ಲ.

ನಾನು ಮಡಿಚಿ ಕೊಡುತ್ತಿದ್ದ ಕಾಗದದ ಆ ಭಾಗ ಅಕ್ಷರ ಅಕ್ಷರವಾಗಿ ಕಣ್ಣ ಮುಂದೆ ನಿಂತಿತು. ನನ್ನ ಜೀವನದಲ್ಲಿ ನಾನು ಅಷ್ಟು ಖಚಿತವಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಮುಂದೆ ಏನು ಮಾಡಬೇಕೆಂಬ ಬಗ್ಗೆ ಎಳ್ಳಷ್ಟು ಅನುಮಾನವಿರಲಿಲ್ಲ.

ಅತ್ತಿ ಮಜ್ಜಿಗೆ ಬಗ್ಗಿಸಿದ್ದಳು, ಎಣ್ಣೆಯ ಕಾವು ಮಜ್ಜಿಗೆಗೆ ಇಳಿಯುತ್ತದೆ ಎಂದು. ಲೋಟವನ್ನು ಅವಳ ಕೈಯಿಂದ ಕಸಿದು ಚೆಲ್ಲಿದೆ. ನುಂಗುವ ಶಕ್ತಿ ಕುಂದಿದವನಿಗೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅವನು ಕುಡಿದದ್ದು ಬಾಯಿಂದಲ್ಲ, ಚರ್ಮದಿಂದ. ಆ ಚರ್ಮದ ಮೇಲೆ ಬಟ್ಟೆ ಇನ್ನೂ ಒದ್ದೆಯಾಗಿಯೇ ಇತ್ತು. ಅಂಗಿ ತೆಗೆ ಎಂದೆ. ಪ್ಯಾಂಟೂ ತೆಗೆ ಎಂದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. ಬದುವಿನ ಆಚೆ ಕಳೆ ಕೀಳುವ ಹೆಂಗಸರಿದ್ದರು. ನಾನು ಸೊಸೆ. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಇದೆ. ನಾನು ಚಿಕ್ಕವಳಿದ್ದಾಗ ಆ ಮಾತೂ ಮನೆಯಲ್ಲಿ ಬಂದು ಹೋಗಿತ್ತು, ಅದನ್ನು ಹಿಡಿದು ಅತ್ತಿ ಇಂದಿಗೂ ಚೇಷ್ಟೆ ಮಾಡುತ್ತಾಳೆ. ಅಂಥವಳ ಮುಂದೆ ಬಟ್ಟೆ ಬಿಚ್ಚುವುದು ಅವನಿಗೆ ಸಾಯುವುದಕ್ಕಿಂತ ಕಷ್ಟವಾಗಿತ್ತು.

"ನೀ ಆ ಕಡಿ ಹೋಗು. ನಿನ್ನ ಮುಂದ ಅಂಗಿ ಬಿಚ್ಚಲೇನು? ಮಂದಿ ಏನ್ ಅಂತಾರ?"

"ಮಂದಿ ನಾಳಿ ಮಣ್ಣಿಗಿ ಬರ್ತಾರ ಮಾಮಾ. ಬಿಚ್ಚು."

ಆ ಮಾತು ಹೇಗೆ ಬಂತೋ. ಅತ್ತಿಯ ನಗು ಅಲ್ಲಿಗೆ ನಿಂತಿತು. ಅವಳು ಮುಂದೆ ಬಂದು ಒಂದೇ ಎಳೆತಕ್ಕೆ ಅಂಗಿಯ ಗುಂಡಿಗಳನ್ನು ಕಿತ್ತಳು. ಅಷ್ಟರಲ್ಲಿ ಅವನ ಕಾಲು ಸೋತಿತ್ತು. ಇಬ್ಬರೂ ಅವನನ್ನು ಕಾಲುವೆಯ ದಂಡೆಗೆ ಎಳೆದುಕೊಂಡು ಹೋಗಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬಟ್ಟೆ ಒಗೆಯುವ ಸಾಬೂನಿನಿಂದ ತಲೆಯಿಂದ ಪಾದದ ತನಕ ತಿಕ್ಕಿದೆವು. ಬಲಗೈಯನ್ನು ನಾನೇ ತಿಕ್ಕಿದೆ. ಉಗುರಿನ ಸಂದಿಯಲ್ಲಿ ಪುಡಿ ಇನ್ನೂ ಇತ್ತು. ಅತ್ತಿ ಒಗೆಯಲೆಂದು ತಂದಿದ್ದ ಸೀರೆಯನ್ನೇ ಅವನಿಗೆ ಸುತ್ತಿ, ಸಾಹುಕಾರರ ಟಂಟಂ ರಿಕ್ಷಾದಲ್ಲಿ ಮಗ್ಗುಲಾಗಿ ಮಲಗಿಸಿದೆವು. ನಾನು ಓಡಿಹೋಗಿ ಡ್ರಮ್ಮಿನ ಹತ್ತಿರ ಬಿದ್ದಿದ್ದ ಬಾಟಲಿಗಳನ್ನು ಆರಿಸಿಕೊಂಡು ಬಂದೆ.

ಸುರಪುರದ ದಾರಿ ಮುಕ್ಕಾಲು ತಾಸು. ಅವನ ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ತೊಡೆಯ ಮಾಂಸಖಂಡಗಳು ಚರ್ಮದ ಕೆಳಗೆ ಹುಳ ಹರಿದಂತೆ ಹರಿದಾಡುತ್ತಿದ್ದವು. ನಾನು ಅವನ ಉಸಿರು ಎಣಿಸುತ್ತಿದ್ದೆ, ಅತ್ತಿ ಜೊಲ್ಲು ಒರೆಸುತ್ತಿದ್ದಳು.

ದವಾಖಾನೆಯಲ್ಲಿದ್ದ ಡಾಕ್ಟರ್ ಯಾದಗಿರಿ ಕಡೆಯ ಹೆಣ್ಣುಮಗಳು, ಹೆಚ್ಚೆಂದರೆ ನನ್ನಷ್ಟೇ ವಯಸ್ಸು. ಎಣ್ಣೆ ಯಾವುದು ಎಂದು ಕೇಳುವುದರೊಳಗೆ ನಾನು ಬಾಟಲಿ ಮುಂದೆ ಹಿಡಿದೆ. ಅವರು ಕೆಂಪು ತ್ರಿಕೋನ ನೋಡಿ, ಹೆಸರು ಓದಿ, ಆಮ್ಲಜನಕ ಹಚ್ಚಿಸಿ, ನರಕ್ಕೆ ಅಟ್ರೋಪಿನ್ ಏರಿಸಿದರು. ಐದೈದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಮತ್ತೆ ಮತ್ತೆ ಏರಿಸಿದರು. ಎದೆಯ ಗೊರಗೊರ ಸದ್ದು ನಿಂತು ಉಸಿರು ಸರಾಗವಾಗುವ ತನಕ ಅವರು ಆ ಮಂಚ ಬಿಟ್ಟು ಕದಲಲಿಲ್ಲ. ರಕ್ತ ತೆಗೆದು ಕಿಣ್ವದ ಪರೀಕ್ಷೆಗೆ ಕಲಬುರಗಿಗೆ ಕಳಿಸಿದರು.

ಸಂಜೆಯ ಹೊತ್ತಿಗೆ ಮಾಮಾ ಮಾತಾಡತೊಡಗಿದ. ಆದರೆ ಅದು ಅವನ ಮಾತಲ್ಲ. ಪ್ರತಿಮದ್ದು ಹೆಚ್ಚು ಏರಿದಾಗ ಸ್ವಲ್ಪ ಹೊತ್ತು ಹಾಗೆ ಭ್ರಮೆಯಾಗುತ್ತದಂತೆ. ಮುಖ ಕೆಂಪಾಗಿ, ಬಾಯಿ ಒಣಗಿ, ಕಣ್ಣಿನ ಪಾಪೆ ಈಗ ದೊಡ್ಡದಾಗಿ, ಹಾಸಿಗೆಯ ಚಾದರವನ್ನು ಬೆರಳಲ್ಲಿ ಚಿವುಟಿ ಚಿವುಟಿ ಹತ್ತಿ ಬಿಡಿಸುತ್ತಿದ್ದ. ಬಿಡಿಸಿದ್ದನ್ನು ಉಡಿಗೆ ಹಾಕಿಕೊಳ್ಳುತ್ತಿದ್ದ. ಅತ್ತಿ ಇದನ್ನು ನೋಡಿ ಮೊದಲ ಸಲ ಅತ್ತಳು. ಡಾಕ್ಟರ್ ಅವನ ಕೈ ಹಿಡಿದು, ಎಣ್ಣೆಯಲ್ಲಿ ಕೈ ಹಾಕಿ ಕಲಸುತ್ತಿದ್ದದ್ದು ನೀವೇನಾ ಎಂದು ಮಾತಿಗೆ ಎಳೆದರು. ಅವನು ಅವರ ಮುಖವನ್ನೇ ನೋಡಿ ಹೆಮ್ಮೆಯಿಂದ ಹೇಳಿದ:

"ನನಗೇನೂ ಆಗಂಗಿಲ್ರಿ. ಲಿವರ್‌ಗೆ ರೂಢಿ ಆಗ್ಯಾದ. ನಮ್ಮ ಸೊಸಿ ಪುಸ್ತಕದಾಗ ನೋಡ್ಯಾಳ."

ಡಾಕ್ಟರ್ ನನ್ನ ಕಡೆ ತಿರುಗಿದರು. ನೀವು ಹೇಳಿದ್ದಾ ಎಂದು ಕೇಳಿದರು. ಹೌದ್ರಿ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಮಧ್ಯಾಹ್ನ, ಮಾಮಾ ನಿದ್ದೆಯಲ್ಲಿದ್ದಾಗ, ವರಾಂಡದ ಬೆಂಚಿನ ಮೇಲೆ ಅವರು ನನಗೆ ಒಂದು ಪಾಠ ಮಾಡಿದರು. ನಾನು ಈಗ ಮಕ್ಕಳಿಗೆ ಹೇಳುವುದು ಅದನ್ನೇ. ಕಾಲುವೆಗೆ ನೀರು ಬಿಡುವವನೊಬ್ಬ, ಹೊಲ ನೆನೆದ ಕೂಡಲೇ ಗೇಟು ಮುಚ್ಚುವವನೊಬ್ಬ ಇರುತ್ತಾರಲ್ಲ, ನರಗಳ ವ್ಯವಹಾರವೂ ಹಾಗೆಯೇ ಎಂದರು. ನರದಿಂದ ಸ್ನಾಯುವಿಗೆ ಒಂದು ರಾಸಾಯನಿಕದ ಅಪ್ಪಣೆ ಹೋಗುತ್ತದೆ. ಕೆಲಸ ಮುಗಿದ ತಕ್ಷಣ ಅದನ್ನು ಒರೆಸಿಹಾಕುವ ಕಿಣ್ವದ ಹೆಸರು ಕೋಲಿನೆಸ್ಟರೇಸ್. ಈ ಗುಂಪಿನ ಕ್ರಿಮಿನಾಶಕಗಳು ಹಿಡಿಯುವುದು ಅದನ್ನೇ. ಗೇಟು ಮುಚ್ಚುವವನ ಕೈ ಕಟ್ಟಿದರೆ ಹೊಲದಲ್ಲಿ ನೀರು ಏರುತ್ತಲೇ ಇರುತ್ತದೆ. ಬೆವರು, ಜೊಲ್ಲು, ಕಫ, ಸ್ನಾಯುಗಳ ಕುಣಿತ, ಎಲ್ಲ ಆ ಏರಿದ ನೀರು. ಕೈ ಕಟ್ಟಿಸಿಕೊಂಡ ಕಿಣ್ವ ಹೋದಂತೆಯೇ. ಹೊಸದನ್ನು ಮೈ ತಯಾರಿಸಬೇಕು, ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಎಂಟು ದಿನಕ್ಕೊಮ್ಮೆ ಡ್ರಮ್ಮಿನಲ್ಲಿ ಕೈ ಇಡುವವನಿಗೆ ಅದು ತುಂಬಿಕೊಳ್ಳುವುದೇ ಇಲ್ಲ.

ಹಾಗಾದರೆ ಇಷ್ಟು ವರ್ಷ ಅವನಿಗೆ ತಲೆ ಕೂಡ ತಿರುಗಲಿಲ್ಲವಲ್ಲ ಎಂದು ಕೇಳಿದೆ.

"ರೂಢಿ ಅಂದ್ರ ಅಷ್ಟೇರಿ. ಮೈ ದೂರು ಹೇಳೋದು ಬಿಡ್ತದ. ಒಳಗಿಂದು ಖಾಲಿ ಆಗೋದು ಬಿಡಂಗಿಲ್ಲ."

ಆಮೇಲೆ ನನ್ನ ಪಿತ್ತಜನಕಾಂಗದ ಪ್ಯಾರಾಕ್ಕೆ ಬಂದರು. ನಾನು ಓದಿದ್ದು ಸುಳ್ಳಲ್ಲ, ಅರ್ಧ ಎಂದರು. ಅದರ ಕಿಣ್ವಗಳು ವಿಷವನ್ನು ಒಂದೇ ಹೆಜ್ಜೆಯಲ್ಲಿ ಒಡೆಯುವುದಿಲ್ಲ. ಈ ಗುಂಪಿನ ಎಷ್ಟೋ ಕ್ರಿಮಿನಾಶಕಗಳನ್ನು ಅಲ್ಲಿಯ ಮೊದಲ ಕಿಣ್ವಗಳು ಇನ್ನೂ ಉಗ್ರ ರೂಪಕ್ಕೆ ತಿರುಗಿಸುತ್ತವೆ. ಆ ಉಗ್ರ ರೂಪವನ್ನು ಕತ್ತರಿಸುವುದು ಬೇರೆ ಕಿಣ್ವಗಳ ಕೆಲಸ. ಆ ಕತ್ತರಿಸುವ ಶಕ್ತಿ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ತರ, ಮುಖ ನೋಡಿ ಹೇಳಲು ಬರುವುದಿಲ್ಲ. ಪಿತ್ತಜನಕಾಂಗ ಚುರುಕಾದರೆ ಯಾವ ಹೆಜ್ಜೆ ಚುರುಕಾಯಿತು ಎಂದು ಯಾರು ಬಲ್ಲರು? ಅದರ ಮೇಲೆ ಎರಡು ಮೂರು ಎಣ್ಣೆ ಬೆರೆಸಿದರೆ, ಒಂದು ಎಣ್ಣೆ ಇನ್ನೊಂದನ್ನು ಒಡೆಯಬೇಕಾದ ಕಿಣ್ವವನ್ನೇ ತಡೆದು ನಿಲ್ಲಿಸಬಹುದು. ನಾನು ಉಂಡಿ ಕಡಿಯುತ್ತ ಹೇಳಿದ ಒಂದು ವಾಕ್ಯದಲ್ಲಿ ಇಷ್ಟೆಲ್ಲ ಬಿಟ್ಟುಹೋಗಿತ್ತು.

ನೆಗಡಿ, ಹುಣ್ಣು, ಸರ್ಪಸುತ್ತು, ಮಾಯದ ಗಾಯ ಇವುಗಳ ಬಗ್ಗೆಯೂ ಕೇಳಿದೆ. ಇಲ್ಲಿ ಅವರು ಎಚ್ಚರದಿಂದ ಮಾತಾಡಿದರು. ಇಂಥ ವಿಷ ದಿನಾ ಸ್ವಲ್ಪ ಸ್ವಲ್ಪ ಸೇರಿದರೆ ರೋಗದ ವಿರುದ್ಧ ಕಾಯುವ ರಕ್ತಕಣಗಳೂ ಮಂಕಾಗಬಹುದು, ಒಳಗೆ ಅವಿತು ಕುಳಿತ ಸೋಂಕು ಎದ್ದು ಬರಬಹುದು. ಆದರೆ ಒಬ್ಬ ಮನುಷ್ಯನ ಒಂದು ಗಾಯವನ್ನು ತೋರಿಸಿ ಇದು ಎಣ್ಣೆಯಿಂದಲೇ ಎಂದು ತಾವು ಎದೆ ತಟ್ಟಿ ಹೇಳುವುದಿಲ್ಲ ಎಂದರು. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿದರು. ಅದು ಇರಲಿಲ್ಲ. ಅರ್ಧ ಗೊತ್ತಿದ್ದ ನಾನು ಪೂರ್ತಿ ಗೊತ್ತಿದ್ದಂತೆ ಮಾತಾಡಿದ್ದೆ. ಪೂರ್ತಿ ಓದಿದವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಈ ಒಂದು ವ್ಯತ್ಯಾಸವನ್ನು ಆ ಬೆಂಚಿನ ಮೇಲೆ ಕಲಿತೆ.

ಅಪಾಯ ಮುಗಿದಿರಲಿಲ್ಲ. ಎರಡನೆಯ, ಮೂರನೆಯ ದಿನ ಕುತ್ತಿಗೆಯ ಸ್ನಾಯು ಸೋತು, ಅಲ್ಲಿಂದ ಉಸಿರಾಟಕ್ಕೆ ಇಳಿಯಬಹುದು. ದಿಂಬಿನಿಂದ ತಲೆ ಎತ್ತಲು ಬರುತ್ತದೋ ಇಲ್ಲವೋ ನೋಡುತ್ತಿರಿ, ಬರದಿದ್ದರೆ ಆ ಕ್ಷಣ ಕರೆಯಿರಿ ಎಂದು ನನಗೆ ಹೇಳಿದ್ದರು. ಅರ್ಧ ತಾಸಿಗೊಮ್ಮೆ ನಾನು ಮಂಚದ ಹತ್ತಿರ ನಿಂತು ತಲೆ ಎತ್ತು ಮಾಮಾ ಎನ್ನುತ್ತಿದ್ದೆ. ಅವನು ಎತ್ತುತ್ತಿದ್ದ. ದಿಂಬಿಗೂ ತಲೆಗೂ ನಡುವೆ ನನ್ನ ಅಂಗೈ ತೂರಿಸಿ ನೋಡುತ್ತಿದ್ದೆ. ಮೂರನೆಯ ದಿನಕ್ಕೆ ಅವನಿಗೆ ಪೂರ್ತಿ ಎಚ್ಚರವಿತ್ತು, ಬೇಸರವೂ ಬಂದಿತ್ತು.

"ಏ ಟೀಚರವ್ವ, ಸಾಲ್ಯಾಗ ಹುಡುಗರಿಗೂ ಹಿಂಗ ಕವಾಯತು ಮಾಡಸ್ತಿಯೇನು?"

ಆ ಮಾತು ಕೇಳಿದಾಗ ಅಷ್ಟು ದಿನ ನಿಂತೇ ಇದ್ದವಳು ಸ್ಟೂಲಿನ ಮೇಲೆ ಕುಳಿತೆ. ಅತ್ತಿ, ಸೀರೆ ಉಟ್ಟು ಸುರಪುರಕ್ಕೆ ಬಂದವನು ನೀನೊಬ್ಬನೇ ಗಂಡಸು ಎಂದು ಅವನನ್ನು ಕಾಡಲು ಶುರು ಮಾಡಿದಳು.

ಕಲಬುರಗಿಯ ವರದಿ ಬಂತು. ಅವನ ಕಿಣ್ವದ ಅಂಕಿ, ಇರಬೇಕಾದ ಕನಿಷ್ಠ ಗೆರೆಗಿಂತ ಎಷ್ಟೋ ಕೆಳಗಿತ್ತು. ಆರು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಾಗಲೂ ಗೆರೆ ಮುಟ್ಟಿರಲಿಲ್ಲ. ಅದು ಪೂರ್ತಿ ತುಂಬುವ ತನಕ ಎಣ್ಣೆಯ ಗಾಳಿಗೂ ಹೋಗಬಾರದು, ಮುಂದೆಯೂ ಕಲಸುವ ಕೆಲಸ ಬೇಡ ಎಂದು ಡಾಕ್ಟರ್ ಬರೆದು ಕೊಟ್ಟರು. ಆ ಚಳಿಗಾಲ ಅವನು ಮನೆಯಲ್ಲೇ ಉಳಿದ. ನೆಗಡಿ ಬಂತು, ಎಂಟು ದಿನಕ್ಕೆ ಹೋಯಿತು. ಅದಕ್ಕೆ ಕಾರಣ ಇದೇ ಎಂದು ನಾನು ಹೇಳುವುದಿಲ್ಲ.

ನನ್ನ ಕೆಲಸ ಬೇರೆ ಇತ್ತು. ನಾನು ಊರಿಗೆ ಬಿಟ್ಟ ಮಾತನ್ನು ನಾನೇ ವಾಪಸ್ ತರಬೇಕಿತ್ತು. ಮಾಮಾನ ಎದುರಿಗೆ ಕುಳಿತು, ಪಂಚಮಿಗೆ ನಾನು ಹೇಳಿದ್ದು ತಪ್ಪು ಎಂದೆ. ಅವನು, ಎಲ್ಲರಿಗೂ ಹೇಳಿಬಿಟ್ಟಿದ್ದೇನಲ್ಲ ಎಂದ. ಅವನಿಗೆ ಕೆಲಸ ಹೋದದ್ದಕ್ಕಿಂತ ಅದೇ ದೊಡ್ಡ ಪೆಟ್ಟು. ಊರಿನಲ್ಲಿ ಅವನ ಮರ್ಯಾದೆ ಆ ಕೈಯ ಮೇಲೆ ನಿಂತಿತ್ತು. ಕೈ ಸೋತಿದೆ ಎಂದು ಅವನು ಯಾವ ಬಾಯಿಂದ ಹೇಳಬೇಕು? ಕೇಳಿದವರಿಗೆಲ್ಲ ಅವನು ಬಿಸಿಲು ಬಡಿದಿತ್ತು ಎಂದೇ ಹೇಳುತ್ತಿದ್ದ. ಮುಂದಿನ ಹಂಗಾಮಿಗೆ ಯಾರಾದರೂ ಬದುವಿನಿಂದ ಕರೆದರೆ ಹೋಗಿಬಿಡುತ್ತಾನೆ ಎಂದು ಅತ್ತಿ ನನಗೆ ಫೋನಿನಲ್ಲಿ ಎರಡು ಸಲ ಹೇಳಿದಳು. ನನಗೂ ಅದೇ ಭಯವಿತ್ತು.

ಕರೆದರು. ಈ ಸಲದ ಹತ್ತಿಗೆ ಮೊದಲ ಹುಳ ಬಿದ್ದಾಗ, ಒಂದು ಭಾನುವಾರ ಮುಂಜಾನೆ, ಅದೇ ಸಾಹುಕಾರರು ಮನೆಯ ಮುಂದೆ ಬಂದು ನಿಂತರು. ನಾನು ಅಲ್ಲೇ ಇದ್ದೆ. ಹೊಡೆಯುವುದು ಬೇಡ, ಹೊಡೆಯಲು ಆಳು ಇದ್ದಾರೆ, ಬಂದು ಒಮ್ಮೆ ಕೈಯಾಡಿಸಿದರೆ ಸಾಕು, ನಿನಗೆ ಹೇಗೂ ರೂಢಿ ಎಂದರು. ಮಾಮಾ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅತ್ತಿ ಬಾಗಿಲಲ್ಲಿ ಹಾಗೆಯೇ ನಿಂತಳು. ನಾನು ಹಿಂದೆಯೇ ನಡೆದೆ.

ಕಾಲುವೆಯ ದಂಡೆ, ಅದೇ ನೀಲಿ ಡ್ರಮ್ಮು. ನಾಲ್ಕಾರು ಮಂದಿ. ಪುಡಿ ಸುರಿದಾಗಿತ್ತು. ಮಾಮಾ ಡ್ರಮ್ಮಿನಿಂದ ಮೂರು ಮಾರು ದೂರದಲ್ಲಿ, ಗಾಳಿ ಬೆನ್ನಿಗೆ ಬರುವ ಕಡೆ ನಿಂತ. ಅವನು ಕದಲದ್ದನ್ನು ನೋಡಿ ಸಾಹುಕಾರರು ನಕ್ಕು, ಇರಲಿ ಬಿಡು, ನಾನೇ ರೂಢಿ ಮಾಡಿಕೊಳ್ಳುತ್ತೇನೆ ಎಂದು ಅಂಗಿಯ ತೋಳು ಏರಿಸಿದರು. ಬೆರಳು ನೀರಿಗೆ ಮುಟ್ಟುವ ಮೊದಲೇ ಮಾಮಾ ಹೋಗಿ ಅವರ ಮುಂಗೈ ಹಿಡಿದ.

"ಯಾಕಪಾ, ನಿನ್ನ ಕೆಲಸ ನಾ ಕಸ್ಕೊಂತೀನಂತ ಅಂಜಿದೇನು?"

ಮಾಮಾ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಪ್ಲಾಸ್ಟಿಕ್ ಕವರು ತೆಗೆದು ನನ್ನ ಕಡೆ ಚಾಚಿದ. ಒಳಗೆ ಕಲಬುರಗಿಯ ವರದಿ ಇತ್ತು, ಎರಡೂ. ಜೊತೆಗೆ, ಅವನಿಗೆ ವಿಷವೇರಿದ ದಿನದ ಬಾಟಲಿಯ ಮಡಿಕೆ ಕಾಗದ.

"ಓದವ್ವ. ಈ ಸಲ ಪೂರ್ತಿ ಓದು."

ಓದಿದೆ. ಮೊದಲು ಕಾಗದ ಓದಿದೆ, ಕೆಂಪು ತ್ರಿಕೋನದಿಂದ ಪ್ರತಿಮದ್ದಿನ ತನಕ ಒಂದು ಸಾಲೂ ಬಿಡದೆ. ಆಮೇಲೆ ವರದಿ ಓದಿದೆ. ಇರಬೇಕಾದದ್ದು ಎಷ್ಟು, ಅವನಲ್ಲಿ ಉಳಿದದ್ದು ಎಷ್ಟು. ರೂಢಿ ಆಗುತ್ತದೆ ಎಂದು ಹೇಳಿದ್ದು ನಾನೇ, ಅದು ತಪ್ಪು ಎಂದೂ ಹೇಳಿದೆ. ಸಾಹುಕಾರರು ತೋಳು ಕೆಳಗಿಳಿಸಿ ಗುಂಡಿ ಹಾಕಿಕೊಂಡರು.

ಮಾಮಾ ವರದಿ ವಾಪಸ್ ತೆಗೆದುಕೊಂಡು, ಕವರಿನಲ್ಲಿ ಹಾಕಿ, ಎಲ್ಲರ ಮುಖ ನೋಡಿದ. ಚಹಾದ ಮೊದಲ ಲೋಟ ಕೊಟ್ಟಾಗ ಅವನ ಮುಖದ ಮೇಲೆ ಬರುತ್ತಿದ್ದ ಆ ಹಳೆಯ ಬಿಂಕ ಮತ್ತೆ ಬಂದಿತ್ತು.

"ನೋಡ್ರಿ, ಇಷ್ಟು ಕಡಿಮಿ ಅಂಕಿ ಈ ಸುತ್ತ ಹಳ್ಳ್ಯಾಗ ಯಾರಿಗೂ ಇಲ್ಲ. ನಿಮಗ ಯಾರಿಗೂ ಅಷ್ಟು ತಾಕತ್ತಿಲ್ಲ. ಕೋಲ್ ತರ್ರಿ."

ಮೊದಲು ನಕ್ಕವರು ಸಾಹುಕಾರರು. ಯಾರೋ ಬೇವಿನ ಕೋಲು ತಂದರು, ಮಾಮಾ ಅದು ಗಿಡ್ಡವಾಯಿತು ಎಂದು ಬೈದು ಉದ್ದನೆಯದು ತರಿಸಿದ. ಮುಂದಿನ ಸಲದಿಂದ ಪುಡಿಯನ್ನು ನೇರ ಡ್ರಮ್ಮಿಗೆ ಸುರಿಯುವುದಲ್ಲ, ಮೊದಲು ಚಿಕ್ಕ ಬಕೆಟ್ಟಿನಲ್ಲಿ ಕೋಲಿನಿಂದ ಕದಡಿ, ಬಟ್ಟೆಯಲ್ಲಿ ಸೋಸಿ ಹಾಕಿದರೆ ಗಂಟೇ ಕಟ್ಟುವುದಿಲ್ಲ ಎಂದು ದೂರದಿಂದಲೇ ನಿಂತು ಹೇಳಿಕೊಟ್ಟ. ಇದನ್ನು ಯಾವಾಗ ಕಂಡುಕೊಂಡೆ ಎಂದು ಕೇಳಿದೆ. ಚಳಿಗಾಲದಲ್ಲಿ ಮನೆಯಲ್ಲಿ ಕುಳಿತು ಅತ್ತಿ ಜೋಳದ ಹಿಟ್ಟಿಗೆ ನೀರು ಹಾಕುವುದನ್ನು ನೋಡಿ ಎಂದ.

ನಾವು ಮನೆಗೆ ನಡೆಯುವಾಗ ಹಿಂದೆ ಪಂಪು ಶುರುವಾಯಿತು. ನಾನು ಹೆಜ್ಜೆ ನಿಧಾನ ಮಾಡಿದೆ. ಮಾಮಾನೂ ನಿಧಾನ ಮಾಡಿದ. ಸದ್ದು ಸಾಲಿನ ಕೊನೆಗೆ ಹೋಗಿ ನಿಂತಿತು.